ದೀಪ ಬಿಡದೆ ಇಳಿಸಿದ ಹಗೇವು

ವರ್ಷಕ್ಕೊಮ್ಮೆ ಯಾರಾದರೊಬ್ಬರು ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಹೆಗಲಿಗೆ ಚೀಲ ಹಾಕಿಕೊಂಡವರು, ಕಿಸೆಯಲ್ಲಿ ಪೆನ್ನು ಸಿಗಿಸಿಕೊಂಡವರು. "ನಿಮ್ಮ ಮೈದುನರು ಹುಲಿ ಇದ್ದಂಗ ಇದ್ರಂತ. ಅವರ ಬಗ್ಗೆ ನಾಕು ಮಾತು ಹೇಳ್ರಿ ಯವ್ವಾ" ಎನ್ನುತ್ತಾರೆ. ನಾನು ಚಹಾ ಮಾಡಿಕೊಡುತ್ತೇನೆ, ಮಂಡಾಳು ಒಗ್ಗರಣೆ ಮಾಡಿಕೊಡುತ್ತೇನೆ. ಅವನು ದಂಡಿನವರ ಕಾವಲು ನಾಕಾದ ಮೇಲೆ ಏರಿ ಬಿದ್ದದ್ದು, ತುಂಬಿದ ಹೊಳೆ ಈಜಿದ್ದು, ಎಲ್ಲ ಹೇಳುತ್ತೇನೆ. ಅವರು ಖುಷಿಯಾಗಿ ಹೋಗುತ್ತಾರೆ. ಹಗೇವಿನ ಮಾತು ಅವರಾಗಿ ಕೇಳುವುದಿಲ್ಲ. ಒಗ್ಗರಣೆ ತಿನ್ನುತ್ತ ಕೂತವರಿಗೆ ಹೇಳುವ ಮಾತೂ ಅದಲ್ಲ. ಎದುರಿಗೆ ಯಾರೂ ಇಲ್ಲದಿರುವಾಗ ಇಲ್ಲಿ ಹೇಳಿಬಿಡುತ್ತೇನೆ.

ಹಗೇವು ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೋದಂತೆ ಅಗಲ. ಸುತ್ತಲೂ ದಂಟು, ಹೊಟ್ಟು ಹಾಸಿ ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಈಗ ಸಿಂಧನೂರಿನ ಕಡೆ ಹೋದರೆ ಕಣ್ಣು ಹಾಯಿಸಿದಲ್ಲೆಲ್ಲ ಕಾಲುವೆ, ಭತ್ತ. ಆಗ ಕಾಲುವೆಯಿರಲಿಲ್ಲ. ಎರೆನೆಲ, ಜೋಳ, ಹತ್ತಿ, ಇಷ್ಟೇ. ಹಗೇವಿನಲ್ಲಿ ಜೋಳ ಇದ್ದ ಮನೆಯವರಿಗೆ ನಿದ್ದೆ ಬರುತ್ತಿತ್ತು.

ಆದರೆ ಅದನ್ನು ತೆರೆಯುವಾಗ ಜೀವ ಕೈಯಲ್ಲಿ ಹಿಡಿದಿರಬೇಕಾಗುತ್ತಿತ್ತು. ಮುಚ್ಚಿಟ್ಟ ಗಾಳಿ ಕೆಟ್ಟಿರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಇಳಿದವನು ಕೂಗಲೂ ಆಗದೆ ಕುಸಿಯುತ್ತಾನೆ. ಅದಕ್ಕೇ ಕಲ್ಲು ಸರಿಸಿದ ಮೇಲೆ ಒಂದು ಹಗಲು, ಒಂದು ರಾತ್ರಿ ಬಾಯಿ ತೆರೆದಿಡುತ್ತಿದ್ದರು. ಮರುದಿನ ಹಗ್ಗಕ್ಕೆ ದೀಪ ಕಟ್ಟಿ ಮೆಲ್ಲಗೆ ಕೆಳಗೆ ಬಿಡುತ್ತಿದ್ದರು. ದೀಪ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಆರಿತೋ, ಆ ದಿನ ಯಾರೂ ಇಳಿಯುವಂತಿಲ್ಲ. ಹಸಿವು ಎಷ್ಟೇ ಇರಲಿ, ಅವಸರ ಎಷ್ಟೇ ಇರಲಿ.

ನಾನು ಮದುವೆಯಾಗಿ ಬಂದ ವರ್ಷ ಇದನ್ನು ಮೊದಲ ಸಲ ನೋಡಿದೆ. ದೀಪ ಬಿಡುವ ಕೆಲಸ ನನ್ನ ಮೈದುನನದು. ಹಗ್ಗ ಹಿಡಿದು ನೆಲಕ್ಕೆ ಎದೆಯೂರಿ ಮಲಗಿ, ಒಂದು ಕಣ್ಣು ಮುಚ್ಚಿ ಒಳಗೆ ನೋಡುತ್ತಿದ್ದ. ಪಕ್ಕದಲ್ಲಿ ಮಾವ ನಿಂತಿರುತ್ತಿದ್ದರು. ಮಾವನ ಅಣ್ಣ ಹಿಂದೊಮ್ಮೆ ದೀಪ ಬಿಡದೆ ಇಳಿದು ಅಲ್ಲೇ ಹೋಗಿಬಿಟ್ಟಿದ್ದರಂತೆ. ಅಂದಿನಿಂದ ಮಾವ ಇಬ್ಬರು ಮಕ್ಕಳಿಗೂ ಈ ಪಾಠವನ್ನು ಬೈದು ಬೈದು ಕಲಿಸಿದ್ದರು. ಆ ದಿನ ಮೈದುನ ತಲೆ ಎತ್ತಿ ನನ್ನನ್ನು ನೋಡಿ, "ವೈನೀ, ನಿಮ್ಮ ಲಿಂಗಸುಗೂರಾಗ ಇಂಥಾ ಬುದ್ಧಿ ಯಾರಿಗರ ಐತೇನು?" ಎಂದು ಛೇಡಿಸಿದ. ನಗು ಅವನ ಮುಖದಲ್ಲಿ ಸದಾ ಇರುತ್ತಿತ್ತು. ನನಗೆ ಅಣ್ಣತಮ್ಮಂದಿರು ಇರಲಿಲ್ಲ; ಅವನೇ ನನ್ನ ತಮ್ಮನಾದ.

ಲಿಂಗಸುಗೂರು ನನ್ನ ತವರು. ನಮ್ಮಪ್ಪ ಅಲ್ಲಿಯ ಕಚೇರಿಯಲ್ಲಿ ಜವಾನ. ಮೊಕದ್ದಮೆ ಬಂದಾಗ ಬಾಗಿಲಲ್ಲಿ ನಿಂತು ಆರೋಪಿಯ ಹೆಸರು ಹಿಡಿದು ಮೂರು ಸಲ ಕೂಗುವುದು ಅವನ ಕೆಲಸ. ಮನೆಗೆ ಬಂದ ಮೇಲೂ ಗಂಟಲು ಅದೇ ಎತ್ತರದಲ್ಲಿರುತ್ತಿತ್ತು. ನೀರು ಕೇಳಿದರೂ ಓಣಿಗೆಲ್ಲ ಕೇಳುತ್ತಿತ್ತು. "ಕಳ್ಳ ಇರ್ಲಿ, ಖೂನಿ ಮಾಡಿದಾಂವ ಇರ್ಲಿ, ಕೂಗಿ ಕರದು, ನಿಂದೇನು ಹೇಳಪ್ಪಾ ಅಂತ ಕೇಳಬೇಕು" ಎನ್ನುತ್ತಿದ್ದ. ಆ ಕಚೇರಿಯಲ್ಲಿ ಬಡವರಿಗೆ ನ್ಯಾಯ ಸಿಗುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಜಮೀನ್ದಾರರಾದ ದೇಶಮುಖರ ಮುಖ ನೋಡಿ ತೀರ್ಪು ಬರುತ್ತಿತ್ತು ಎಂದು ಅಪ್ಪನೇ ಹೇಳುತ್ತಿದ್ದ. ಆದರೂ ಕೂಗುವುದನ್ನಂತೂ ಯಾರೂ ಬಿಡುತ್ತಿರಲಿಲ್ಲ.

ನನ್ನನ್ನು ಕೊಟ್ಟದ್ದು ಮಸ್ಕಿಯ ಗುಡ್ಡ ಕಾಣುವಷ್ಟು ಹತ್ತಿರದ ಒಂದು ಹಳ್ಳಿಗೆ. ಮನೆಯಲ್ಲಿ ಅತ್ತೆ, ಮಾವ, ನನ್ನ ಯಜಮಾನರು, ಮೈದುನ. ಯಜಮಾನರದು ಮಾತು ಕಡಿಮೆ. ಯಾರಾದರೂ ಜೋರು ಮಾಡಿದರೆ ನೆಲ ನೋಡುವ ಸ್ವಭಾವ. ಹೆದರುಪುಕ್ಕಲನಿಗೆ ಕೊಟ್ಟರಲ್ಲ ಎಂದು ಎಷ್ಟೋ ಸಲ ಒಳಗೊಳಗೇ ಅಪ್ಪನಿಗೆ ಬೈದುಕೊಂಡಿದ್ದೇನೆ.

ನಿಜಾಮರ ಸರ್ಕಾರ ಬೀಳುವುದಕ್ಕಿಂತ ಸ್ವಲ್ಪ ಮುಂಚಿನ ಕಾಲ ಅದು. ಬೆಳೆದ ಕಾಳಿನಲ್ಲಿ ಸರ್ಕಾರಕ್ಕೆ ಲೇವಿ ಕೊಡಬೇಕಿತ್ತು. ಅದನ್ನು ವಸೂಲಿ ಮಾಡಲು ಪೋಲೀಸರ ಜೊತೆ ಇನ್ನೊಂದು ದಂಡು ಬರತೊಡಗಿತು. ಖಾಕಿ ತೊಟ್ಟು, ಬಂದೂಕು, ಬರ್ಚಿ ಹಿಡಿದು ಊರೂರು ಸುತ್ತುತ್ತಿದ್ದರು. ಅವರು ಸರ್ಕಾರದವರೋ ಅಲ್ಲವೋ ನಮಗೆ ತಿಳಿಯುತ್ತಿರಲಿಲ್ಲ, ಖಾಕಿಯವರು ಎನ್ನುತ್ತಿದ್ದೆವು. ಮಸ್ಕಿಯ ದಾರಿಯಲ್ಲಿ ಅವರದೊಂದು ನಾಕಾ ಇತ್ತು. ಗಾಡಿಗಳನ್ನು ತಡೆಯುವುದು, ಹೆಣ್ಣುಮಕ್ಕಳನ್ನು ತಡೆಯುವುದು. ನಾವು ಹೆಂಗಸರು ನೀರಿಗೆ ಹೋಗುವಾಗ ಕೈಬಳೆ ಸದ್ದಾಗದಂತೆ ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದೆವು. ನಾಯಿ ಬೊಗಳಿದರೆ ಒಲೆಯ ಮೇಲಿನ ರೊಟ್ಟಿ ಅಲ್ಲೇ ಬಿಟ್ಟು ಬಾಗಿಲು ಹಾಕುತ್ತಿದ್ದೆವು. ಆ ಹೆದರಿಕೆ ಹೊಟ್ಟೆಯಲ್ಲೇ ಮನೆ ಮಾಡಿತ್ತು. ಈಗಲೂ ರಸ್ತೆಯಲ್ಲಿ ಬೂಟಿನ ಸದ್ದು ಕೇಳಿದರೆ ನನಗೆ ಮೊದಲು ನೆನಪಾಗುವುದು ಬಾಗಿಲಿನ ಅಗುಳಿ.

ನಮ್ಮ ಹಿತ್ತಲಲ್ಲಿ ದನ ಕಟ್ಟುವ ಜಾಗದ ಅಡಿಯಲ್ಲಿ ಒಂದು ಹಗೇವು ಇತ್ತು. ಮೇಲೆ ಸಗಣಿ, ಕಸ. ನೋಡಿದವರಿಗೆ ಗುರುತು ಸಿಗುತ್ತಿರಲಿಲ್ಲ. ಮನೆಯ ಜೋಳವೆಲ್ಲ ಅದರಲ್ಲೇ. ಖಾಕಿಯವರು ಬಂದು, ಹಗೇವು ಎಲ್ಲಿ ಐತಿ ತೋರಿಸು ಎಂದು ಮಾವನನ್ನು ಅಂಗಳಕ್ಕೆ ಎಳೆದರು. ಬಿಸಿಲಲ್ಲಿ ಬಗ್ಗಿ ನಿಲ್ಲಿಸಿ ಬೆನ್ನ ಮೇಲೆ ಬೀಸುವ ಕಲ್ಲು ಹೇರಿದರು. ಮಾವ ಕೈ ಜೋಡಿಸಿದರು, ಅತ್ತರು, ಆದರೆ ಜಾಗ ತೋರಿಸಲಿಲ್ಲ. ಮೈದುನನನ್ನು ಇಬ್ಬರು ಕಂಬಕ್ಕೆ ಒತ್ತಿ ಹಿಡಿದಿದ್ದರು. ಅವನ ಕಣ್ಣೆದುರೇ ಇದೆಲ್ಲ ಆಯಿತು. ಮಾವ ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಅವರನ್ನು ಮಣ್ಣು ಮಾಡಿದ ವಾರದೊಳಗೆ ಮೈದುನ ಹೊಳೆ ದಾಟಿ, ನಿಜಾಮರ ಆಳ್ವಿಕೆ ಇಲ್ಲದ ಆ ಕಡೆ ಹೋದ. ಅಲ್ಲಿ ನಮ್ಮ ಕಡೆಯ ಹುಡುಗರು ಸೇರಿ ಬಂದೂಕು ಕಲಿಯುತ್ತಿದ್ದರು.

ಅವನು ತಿರುಗಿ ಬಂದದ್ದು ನಮಗೆ ಗೊತ್ತಾದದ್ದು ನಾಕಾದಿಂದಲೇ. ಮುಂಜಾನೆ ನೀರಿಗೆ ಹೋದವರು ಓಡಿ ಬಂದು ಹೇಳಿದರು. ನಾಕಾ ಸುಟ್ಟಿದೆ, ಜಮೇದಾರ ಸತ್ತಿದ್ದಾನೆ, ಮಾವನ ಬೆನ್ನಿಗೆ ಕಲ್ಲು ಹೇರಿಸಿದ್ದವನೇ. ಮಾಡಿದವರು ಮೈದುನ, ಅವನ ಜೊತೆಯವರು. ಅತ್ತೆ ಎದ್ದುಹೋಗಿ ಬೆಲ್ಲದ ಚೂರು ತಂದು ನನ್ನ ಬಾಯಿಗೆ ಹಾಕಿದರು. ನನಗೂ ಹಿಗ್ಗಾಯಿತು. ಆ ಬೆಲ್ಲದಷ್ಟು ಸಿಹಿಯಾದದ್ದನ್ನು ನಾನು ಮತ್ತೆ ತಿಂದಿಲ್ಲ. ಬೀಸುವಾಗ ಹೆಂಗಸರು ಮೈದುನನ ಮೇಲೆ ಪದ ಕಟ್ಟಿ ಹಾಡಿದರು, ಹೆಸರು ಹೇಳದೆ, ಸಣ್ಣ ದನಿಯಲ್ಲಿ. ನಾಕಾದಲ್ಲಿ ನೀರು ಹೊರುತ್ತಿದ್ದ ಬಳಗಾನೂರಿನ ಮುದುಕನೂ ಬೆಂಕಿಯಲ್ಲಿ ಸತ್ತನೆಂದು ಸಂಜೆಗೆ ತಿಳಿಯಿತು. ಪದದಲ್ಲಿ ಅವನು ಬರಲಿಲ್ಲ.

ಆಮೇಲೆ ಖಾಕಿಯವರು ದೊಡ್ಡ ದಂಡಾಗಿ ಬಂದರು. ಬಣವೆಗಳಿಗೆ ಬೆಂಕಿ ಬಿತ್ತು. ಊರ ಗಂಡಸರನ್ನು ಎಳೆದುಕೊಂಡು ಹೋದರು. ಕೆಲವರು ಕುಂಟುತ್ತ ಬಂದರು, ಕೆಲವರು ಬರಲೇ ಇಲ್ಲ. ಹೊಸ ನಾಕಾ ಈ ಸಲ ಊರಿಗೆ ಇನ್ನೂ ಹತ್ತಿರ, ಊರಬಾಗಿಲಾದ ಅಗಸಿಯ ಆಚೆಗೇ ಎದ್ದಿತು. ಪದ ಹಾಡುವುದು ನಿಂತಿತು. ಯಾರ ಮುಖದಲ್ಲೂ ಹಿಗ್ಗು ಉಳಿಯಲಿಲ್ಲ. ಈಗ ನಮಗೆ ಎರಡು ಹೆದರಿಕೆ. ಬಾಗಿಲು ಬಡಿದರೆ ಖಾಕಿಯವರೋ, ಇಲ್ಲಾ ಮೈದುನನ ಕಡೆಯವರೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಇವನ ಕಡೆಯವರು ರೊಟ್ಟಿ ಕೇಳುತ್ತಿದ್ದರು, ಮತ್ತೆ ಯಾರು ಯಾರ ಜೊತೆ ಮಾತಾಡುತ್ತಾರೆ ಎಂದೂ ಕೇಳುತ್ತಿದ್ದರು. ಆ ಎರಡನೆಯ ಪ್ರಶ್ನೆಗೆ ಊರಿನಲ್ಲಿ ಎಲ್ಲರ ನಾಲಿಗೆ ಒಣಗುತ್ತಿತ್ತು.

ಆ ಚಳಿಗಾಲದಲ್ಲಿ ನಮ್ಮ ಮನೆಗೆ ಪಿಂಜಾರ ಕಾಕಾ ಬಂದಿದ್ದ. ಅವನ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ದೊಡ್ಡವರಿಗೂ ಸಣ್ಣವರಿಗೂ ಅವನು ಕಾಕಾನೇ. ವರ್ಷಕ್ಕೊಮ್ಮೆ ಚಳಿ ಬೀಳುವಾಗ ಮನೆಮನೆಗೆ ಹೋಗಿ ಗಾದಿ, ತಲೆದಿಂಬುಗಳ ಹತ್ತಿ ಹಿಂಜಿಕೊಡುತ್ತಿದ್ದ. ಆಳೆತ್ತರದ ಬಿಲ್ಲು, ಅದಕ್ಕೆ ಕುರಿಯ ಕರುಳಿನಿಂದ ಮಾಡಿದ ಹುರಿ. ಆ ಹುರಿಯನ್ನು ಹತ್ತಿಯಲ್ಲಿಟ್ಟು ಕಟ್ಟಿಗೆಯ ಹಿಡಿಯಿಂದ ಮೀಟಿದರೆ ಟೆಂಯ್ ಟೆಂಯ್ ಎಂದು ಸದ್ದು ಇಡೀ ಊರಿಗೆ ಕೇಳುತ್ತಿತ್ತು. ಸದ್ದು ಎತ್ತಣಿಂದ ಬರುತ್ತಿದೆ ಎಂಬುದರ ಮೇಲೆ ಇವತ್ತು ಕಾಕಾ ಯಾರ ಮನೆಯಲ್ಲಿದ್ದಾನೆ ಎಂದು ನಾವು ಕೂತಲ್ಲೇ ಹೇಳುತ್ತಿದ್ದೆವು. ಅತ್ತೆಗೆ ಅಕ್ಕಾ ಎನ್ನುತ್ತಿದ್ದ, ನನಗೆ ಮಗಳೇ ಎನ್ನುತ್ತಿದ್ದ. ನಮ್ಮ ಹಿತ್ತಲಲ್ಲೇ ಕೂತು ಹಿಂಜುತ್ತಿದ್ದುದರಿಂದ ದನದ ಅಡಿಯ ಹಗೇವು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಅದನ್ನು ತುಂಬುವಾಗ ಅವನೂ ಕೈ ಹಾಕಿದ್ದವನೇ.

ನಮ್ಮ ಗಾದಿಗಳು ಇನ್ನೂ ಮುಗಿದಿರಲಿಲ್ಲ, ನಾಕಾದಿಂದ ಕರೆ ಬಂತು. ಹೊಸ ಜಮೇದಾರನಿಗೆ ಗಾದಿ ಬೇಕಂತೆ. "ಒಲ್ಲೆ ಅಂದ್ರ ನನ್ನ ಚರ್ಮನ ಹಿಂಜತಾರ ಅಕ್ಕಾ" ಎಂದು ಕಾಕಾ ಬಿಲ್ಲು ಹೊತ್ತುಕೊಂಡು ಹೋದ. ಉಳಿದ ಸಾಮಾನು ನಮ್ಮ ಪಡಸಾಲೆಯ ಗೂಟಕ್ಕೇ ತೂಗುಹಾಕಿದ್ದ. ಮುಂಜಾನೆಯಿಂದ ಬಿಲ್ಲಿನ ಸದ್ದು ಅಗಸಿಯ ಆಚೆಯಿಂದ ಬರುತ್ತಿತ್ತು. ಮಧ್ಯಾಹ್ನ ಒಮ್ಮೆಲೇ ನಿಂತಿತು. ಸ್ವಲ್ಪ ಹೊತ್ತಿಗೆ ಕಾಕಾ ಬೆವರುತ್ತ ನಮ್ಮ ಬಾಗಿಲಿಗೆ ಬಂದ. ಹುರಿ ಹರಿದಿತ್ತು, ಇನ್ನೊಂದು ಹುರಿ ನಮ್ಮ ಗೂಟದಲ್ಲಿತ್ತು. ನಾನೇ ತೆಗೆದುಕೊಟ್ಟೆ. ಒಂದು ತಂಬಿಗೆ ನೀರು ಕುಡಿದು, "ತಡಾ ಆದ್ರ ಅವ್ರು ಬೈತಾರ ಮಗಳೇ" ಎಂದು ಓಡಿದ. ಹೊಸ ಹುರಿ ಬಿಗಿದು ಹದ ಮಾಡುವುದಕ್ಕೆ ಹೊತ್ತು ಹಿಡಿಯಿತೇನೋ, ಸದ್ದು ಮತ್ತೆ ಶುರುವಾದಾಗ ಹೊತ್ತು ಇಳಿದಿತ್ತು.

ಆ ಸದ್ದು ನಿಂತಿದ್ದ ಹೊತ್ತಿನಲ್ಲಿ ಖಾಕಿಯವರು ಹಳ್ಳದ ದಂಡೆಯ ಜೋಳದ ಹೊಲಕ್ಕೆ ನುಗ್ಗಿ, ಅಲ್ಲಿ ಅಡಗಿದ್ದ ಮೈದುನನ ಜೊತೆಗಾರನೊಬ್ಬನನ್ನು ಹಿಡಿದು ಅಲ್ಲೇ ಗುಂಡು ಹಾಕಿದರು.

ಕೆಲವು ದಿನ ಹೋದವು. ಅಡಿಗೆಗೆಂದು ಒಳಗೆ ತೆಗೆದಿಟ್ಟಿದ್ದ ಜೋಳ ತೀರಿತ್ತು. ಖಾಕಿಯವರು ಲೇವಿಯ ಗಾಡಿಗಳ ಕಾವಲಿಗೆ ಸಿಂಧನೂರಿಗೆ ಹೋಗಿ, ನಾಕಾದಲ್ಲಿ ಒಬ್ಬಿಬ್ಬರು ಮಾತ್ರ ಉಳಿದ ದಿನ ನೋಡಿ ಯಜಮಾನರು ಮುಂಜಾನೆ ದನ ಬಿಚ್ಚಿ, ಸಗಣಿ ಸರಿಸಿ, ಹಗೇವಿನ ಕಲ್ಲು ತೆಗೆದರು. ನಾಳೆ ದೀಪ ಬಿಟ್ಟು ಇಳಿಯುವುದು ಎಂದಾಯಿತು. ಮಾವ ಯಾವುದಕ್ಕಾಗಿ ಬೆನ್ನು ಮುರಿಸಿಕೊಂಡರೋ ಆ ಜೋಳ, ಹಗೇವಿನ ಅರ್ಧದವರೆಗೆ. ಅತ್ತೆ ಅದರ ಬಾಯಿಯ ಹತ್ತಿರ ಕೂತು ಸುಮ್ಮನೆ ನೋಡುತ್ತಿದ್ದರು.

ಬಿಸಿಲೇರುವ ಹೊತ್ತಿಗೆ ಹಿತ್ತಲ ಗೋಡೆ ಹಾರಿ ಮೈದುನ ಬಂದ. ಜೊತೆಗೆ ಹೊಳೆಯ ಆಚೆಯ ಇಬ್ಬರು. ಅವನನ್ನು ನೋಡಿ ನಾನು ಗುರುತು ಹಿಡಿಯಲಿಲ್ಲ. ಗಡ್ಡ ಬಿಟ್ಟಿದ್ದ, ಒಣಗಿದ್ದ, ಮುಖದಲ್ಲಿ ನಗು ಇರುತ್ತಿದ್ದ ಜಾಗ ಖಾಲಿಯಿತ್ತು. ಅತ್ತೆ ಎದ್ದು ಅವನ ಕೆನ್ನೆ ಸವರಿದರು. ಅವನು ಹಗೇವಿನ ಬಾಯಿ ನೋಡಿದ.

"ಯಾವಾಗ ತೆರದಿ ಅಣ್ಣಾ?"

"ಇವತ್ತ ಮುಂಜಾನಿ" ಎಂದರು ಯಜಮಾನರು.

ಅವನು ಹೂಂ ಎಂದ. ಆ ಹೂಂ ನನ್ನ ಕಿವಿಯಲ್ಲಿ ಇನ್ನೂ ಇದೆ. ಆಮೇಲೆ ಜೊತೆಯವರಿಗೆ ಸನ್ನೆ ಮಾಡಿದ. ಅವರು ಗೋಡೆಯ ಆಚೆಯಿಂದ ಒಬ್ಬನನ್ನು ಎಳೆದು ಈಚೆ ಹಾಕಿದರು. ಬಾಯಿಗೆ ಬಟ್ಟೆ, ಕೈ ಕಟ್ಟಿದ್ದರು. ಪಿಂಜಾರ ಕಾಕಾ. ಗಡ್ಡಕ್ಕೆಲ್ಲ ಹತ್ತಿಯ ಎಳೆ ಅಂಟಿತ್ತು, ಎಲ್ಲೋ ಕೆಲಸದ ಮೇಲಿದ್ದವನನ್ನೇ ಎತ್ತಿಕೊಂಡು ಬಂದಿದ್ದರು.

"ಇವನ ನಮ್ಮ ಹುಡುಗನ್ನ ಹಿಡಿಸ್ಯಾನ" ಎಂದ ಮೈದುನ. "ಅವತ್ತ ನಾಕಾದಾಗ ಬಿಲ್ಲು ಹೊಡಿಯಾಕತ್ತಿದ್ದ. ನಾವು ಹಳ್ಳದಾಗಿದ್ದು ಕೇಳಾಕತ್ತಿದ್ವಿ. ನಡಬರಕ ಬಿಲ್ಲು ನಿಂತತು. ಭಾಳ ಹೊತ್ತು ನಿಂತತು. ಅಷ್ಟೊತ್ತು ಕೂತು ಏನು ಮಾತಾಡಿದ ಇಂವ? ಅದರ ಹಿಂದಿಂದ ಅವ್ರು ಬಂದ್ರು."

ನಾನು ಮೈದುನನ ಎದುರು ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲ. ಆ ದಿನ ಮಾತು ತಾನಾಗಿ ಬಂತು. "ತಮ್ಮಾ, ಹುರಿ ಹರದಿತ್ತು. ನಮ್ಮ ಮನಿಗೇ ಬಂದಿದ್ದ. ಆ ಗೂಟದಾಗಿಂದ ನಾನ ತಗದು ಕೊಟ್ಟೀನಿ. ನೀರು ಕುಡದು ಹೋಗ್ಯಾನ."

"ನಿನಗ ಹೆದರಿಕಿ ವೈನೀ. ಅದಕ್ಕ ಹಿಂಗಂತಿ."

"ಹೆದರಿಕಿ ಐತಿ. ಅದಕ್ಕ ಸುಳ್ಳು ಹೇಳತೀನೇನು? ಅವನ್ನ ಕೇಳು. ಬಾಯಾಗಿನ ಬಟ್ಟಿ ತಗದು ಅವನ್ನ ಕೇಳು."

ಅವನು ಬಟ್ಟೆ ತೆಗೆಸಲಿಲ್ಲ. ಕಾಕಾ ನನ್ನನ್ನೇ ನೋಡುತ್ತ ತಲೆಯಾಡಿಸುತ್ತಿದ್ದ, ಹೌದು ಹೌದು ಎನ್ನುವಂತೆ. ನಮ್ಮಪ್ಪನ ಹಾಳು ಕಚೇರಿ ನೆನಪಾಯಿತು. ಲಂಚ ತಿನ್ನುವ, ದೇಶಮುಖರಿಗೆ ಕಾಲೊತ್ತುವ ಕಚೇರಿ. ಅಲ್ಲಿ ಕೂಡ ಹೆಸರು ಹಿಡಿದು ಕೂಗುತ್ತಿದ್ದರಲ್ಲ ಎನಿಸಿತು.

ಯಜಮಾನರು ನೆಲ ನೋಡುತ್ತಲೇ ಮೆಲ್ಲಗೆ ಹೇಳಿದರು: "ತಮ್ಮಾ, ಅಂವ ಹೇಳಾಂವ ಆಗಿದ್ರ ಮೊದಲ ಈ ಹಗೇವ ತೋರಸ್ತಿದ್ದ. ಅಪ್ಪನ ಬೆನ್ನ ಮ್ಯಾಲ ಕಲ್ಲು ಇಟ್ಟಾಗ ಅಂವಗ ಇದು ಗೊತ್ತಿತ್ತು."

ಮೈದುನ ಆ ಮಾತಿಗೆ ಒಂದು ಗಳಿಗೆ ನಿಂತ. ನಾನು ಉಸಿರು ಬಿಟ್ಟೆ, ಇನ್ನೇನು ಬಿಡುತ್ತಾನೆ ಎಂದು. ಆದರೆ ಆ ಇಬ್ಬರು ಅವನ ಮುಖವನ್ನೇ ನೋಡುತ್ತಿದ್ದರು. ಸತ್ತ ಹುಡುಗ ಅವರ ಊರಿನವನಂತೆ. ಅವನು ಅವರ ಕಡೆ ತಿರುಗಿಕೊಂಡ. "ಇಲ್ಲಿ ಗುಂಡು ಹಾರಸಿದ್ರ ನಾಕಾಕ್ಕ ಕೇಳತೈತಿ. ಸಂಜೀತನಕ ಇದರಾಗ ಇಳಿಸಿಡೂಣು. ಆಮ್ಯಾಗ ಹೊಳಿ ದಾಟಿಸಿ, ಅಲ್ಲೇ ಇಚಾರಣಿ ಮಾಡೂಣು" ಎಂದ. ವಿಚಾರಣೆ ಎಂಬ ಮಾತು ಕೇಳಿ ನನಗೆ ಸ್ವಲ್ಪ ಧೈರ್ಯ ಬಂತು. ಸಂಜೆಯೊಳಗೆ ಅವನ ಮನಸ್ಸು ತಿರುಗಿಸಬಹುದು, ಅತ್ತೆಯಿಂದ ಹೇಳಿಸಬಹುದು. ತಲೆಯಲ್ಲಿ ಅದೇ ಓಡುತ್ತಿತ್ತು. ಹಗೇವಿನ ಗಾಳಿಯ ಕಡೆ ನನ್ನ ಬುದ್ಧಿ ಹೋಗಲೇ ಇಲ್ಲ. ಮನುಷ್ಯನನ್ನು ಜೈಲಿನಂತೆ ಅದರಲ್ಲಿ ಇಡುವುದನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ.

ಅವನು ಅಣ್ಣನನ್ನು ಓಣಿ ಕಾಯಲು ಮುಂಬಾಗಿಲಿಗೆ ಕಳಿಸಿದ. ನನಗೆ, "ವೈನೀ, ಇವ್ರು ಉಂಡಿಲ್ಲ. ರೊಟ್ಟಿ ತಾ" ಎಂದ. ನಾನು ಒಳಗೆ ಹೋಗಿ ಬುಟ್ಟಿಯಿಂದ ಕಟಕರೊಟ್ಟಿ ತೆಗೆದೆ, ಶೇಂಗಾಹಿಂಡಿ ಹಚ್ಚಿದೆ. ಕತ್ತಲೆ ಅಡಿಗೆಮನೆ. ಕಣ್ಣಿಗೆ ಕಾಣಲೆಂದು ಬುಡ್ಡಿದೀಪ ಹಚ್ಚಿದೆ. ಕಡ್ಡಿ ಗೀರಿ ದೀಪಕ್ಕೆ ತಾಗಿಸಿದ ಆ ಕ್ಷಣಕ್ಕೆ ನೆನಪಾಯಿತು.

ರೊಟ್ಟಿ ಎಲ್ಲಿ ಬಿದ್ದವೋ ಗೊತ್ತಿಲ್ಲ. ಹಿತ್ತಲಿಗೆ ಓಡಿ ಬಂದಾಗ ಹಗ್ಗ ಒಳಗೆ ಇಳಿದಾಗಿತ್ತು. ಆ ಇಬ್ಬರು ಹಗ್ಗ ಹಿಡಿದು ನಿಂತಿದ್ದರು, ಹಗ್ಗ ಸಡಿಲಾಗಿತ್ತು. ಒಳಗಿಂದ ಸದ್ದಿಲ್ಲ.

"ದೀಪ ಬಿಟ್ಟಿಲ್ಲ!" ಎಂದು ಕಿರುಚಿದೆ. "ಎಳೀರಿ, ಎಳೀರಿ ಮ್ಯಾಲೆ! ದೀಪ ಬಿಟ್ಟಿಲ್ಲ!"

ಅವರಿಗೆ ಅರ್ಥವಾಗಲಿಲ್ಲ. ಎಂಥಾ ದೀಪ ಎನ್ನುವಂತೆ ಮೈದುನನ ಕಡೆ ನೋಡಿದರು. ಅವನು ಹಗೇವಿನ ಬಾಯಿಯನ್ನು ನೋಡುತ್ತ ನಿಂತಿದ್ದ. ಎಳೆಯಿರಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಇರಬಹುದು. ಅಷ್ಟರಲ್ಲಿ ಇಡೀ ಜನ್ಮ ಕಳೆದಂತೆ ನನಗನಿಸಿತು. ನನ್ನ ಕಿರುಚು ಕೇಳಿ ಓಡಿ ಬಂದ ಯಜಮಾನರು, ಯಾರ ಮುಖವನ್ನೂ ನೋಡದೆ, ತಮ್ಮನನ್ನು ಭುಜದಿಂದ ದಬ್ಬಿ ಹಗ್ಗಕ್ಕೆ ಕೈ ಹಾಕಿದರು. ನಾನೂ ಹಾಕಿದೆ. ಆಗ ಆ ಇಬ್ಬರೂ ಎಳೆದರು.

ಕಾಕಾ ಮೇಲೆ ಬಂದಾಗ ಕುತ್ತಿಗೆ ಪಕ್ಕಕ್ಕೆ ಜೋತಿತ್ತು. ಬೇವಿನ ನೆರಳಿಗೆ ಎಳೆದು ಬಾಯಿಯ ಬಟ್ಟೆ ಕಿತ್ತು, ನೀರು ಹೊಡೆದು, ಮೊರದಿಂದ ಗಾಳಿ ಬೀಸಿದೆವು. ಯಜಮಾನರು ಅವನ ಎದೆ ತಿಕ್ಕುತ್ತ, "ಕಾಕಾ, ಯಪ್ಪಾ, ಕಾಕಾ" ಎನ್ನುತ್ತಿದ್ದರು. ನಾನು ಯಾವ ದೇವರನ್ನು ಬೇಡಿಕೊಂಡೆನೋ, ಅವನ ದೇವರನ್ನೋ ನಮ್ಮ ದೇವರನ್ನೋ. ಕಡೆಗೆ ಹೊಟ್ಟೆಯಿಂದ ಎದ್ದ ಹಾಗೆ ಒಂದು ಕೆಮ್ಮು ಬಂತು. ಆಮೇಲೆ ಇನ್ನೊಂದು.

ಇಷ್ಟು ಹೊತ್ತೂ ಅತ್ತೆ ಹಗೇವಿನ ಪಕ್ಕ ಕೂತಲ್ಲೇ ಕೂತಿದ್ದರು. ಅವರ ಕಣ್ಣೆದುರೇ ಇಳಿಸಿದ್ದಾರೆ. ಅವರಿಗೆ ನೆನಪಾಗಲಿಲ್ಲವೋ, ಮಗನ ಮುಂದೆ ಬಾಯಿ ಬರಲಿಲ್ಲವೋ, ಗಂಡನ ಸಂಕಟ ಅವರ ನಾಲಿಗೆ ಹಿಡಿದಿತ್ತೋ, ನಾನು ಎಂದೂ ಕೇಳಲಿಲ್ಲ. ಈಗ ಅವರು ಎದ್ದರು. ಅಡಿಗೆಮನೆಯಿಂದ ನಾನು ಹಚ್ಚಿಟ್ಟಿದ್ದ ಬುಡ್ಡಿಯನ್ನು ತಂದರು, ಕಾಕಾನ ಹೆಗಲಿನಿಂದ ಬಿಚ್ಚಿದ ಅದೇ ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟರು. ಎಲ್ಲರೂ ನೋಡಿದೆವು. ಬಾಯಿ ದಾಟಿ ಒಂದು ಮೊಳ ಇಳಿಯುವಷ್ಟರಲ್ಲಿ ಉರಿ ಸಣ್ಣದಾಯಿತು. ಇನ್ನೊಂದು ಮೊಳಕ್ಕೆ ಇಲ್ಲವೇ ಇಲ್ಲ.

ಅತ್ತೆ ಆರಿದ ಬುಡ್ಡಿಯನ್ನು ಮೇಲೆಳೆದು ಮಗನ ಕೈಯಲ್ಲಿಟ್ಟರು. "ನಿಮ್ಮಪ್ಪ ಈ ಹಗ್ಗಾನ ನಿನ್ನ ಕೈಯಾಗ ಕೊಟ್ಟಿದ್ದ" ಎಂದರು.

"ನನಗ ನೆನಪಾಗಲಿಲ್ಲ ಯವ್ವಾ."

ಆ ಹೊತ್ತಿಗೆ ಕಾಕಾ ಕಣ್ಣು ತೆರೆದ. ಮೊದಲು ಕಂಡದ್ದು ನನ್ನ ಮೈದುನ. ಎದ್ದು ಕೂರಲೂ ತ್ರಾಣವಿರಲಿಲ್ಲ; ಬಿದ್ದಲ್ಲಿಂದಲೇ ಎರಡೂ ಕೈ ಎತ್ತಿ ಜೋಡಿಸಿದ. ಮಾವ ಕಲ್ಲಿನ ಕೆಳಗೆ ನಿಂತು ಕೈ ಜೋಡಿಸಿದ್ದೂ ಹೀಗೆಯೇ. ಮೈದುನನಿಗೂ ಅದೇ ಕಂಡಿರಬೇಕು. ಅವನ ಮುಖ ಬಿಳಿಚಿತು. ಬುಡ್ಡಿ ನೆಲಕ್ಕಿಟ್ಟು, "ನಡೀರಿ" ಎಂದು ಜೊತೆಯವರಿಗೆ ಹೇಳಿ, ಬಂದ ಗೋಡೆಯನ್ನೇ ಹಾರಿ ಹೋದ. ರೊಟ್ಟಿ ಉಣ್ಣಲಿಲ್ಲ. ಅತ್ತೆಯೂ ಉಣ್ಣು ಎನ್ನಲಿಲ್ಲ.

ಕಾಕಾ ಆ ವಾರವೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಜವಳಗೇರಾದ ಕಡೆ ಹೋದ. ನಾವು ತಡೆಯಲಿಲ್ಲ. ಯಾವ ಬಾಯಿಂದ ತಡೆಯುವುದು? ಹೋಗುವಾಗ ಅತ್ತೆಯ ಎದುರು ನಿಂತು, "ಅಕ್ಕಾ, ನಿಮ್ಮ ಎರಡು ಗಾದಿ ಉಳದಾವ" ಎಂದ. ಅವನಿಗೆ ಹಾಗೆ ಬಿಟ್ಟುಹೋಗುವುದೇ ಸಂಕಟವಾಗಿತ್ತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಆ ಗಾದಿಗಳ ಹತ್ತಿ ಗಂಟುಗಂಟಾಗಿಯೇ ಉಳಿಯಿತು, ಬಹಳ ವರ್ಷ ನಾನು ಅದರ ಮೇಲೆಯೇ ಮಲಗಿದೆ.

ಆ ಜೋಳದ ಹೊಲದ ವಿಷಯ ಬೇಸಿಗೆಯಲ್ಲಿ ತಿಳಿಯಿತು. ಕುರಿ ಕಾಯುವವರೊಬ್ಬರು ದೂರದಿಂದ ನೋಡಿದ್ದರಂತೆ. ಯಾರೂ ಹಿಡಿಸಿಕೊಟ್ಟಿರಲಿಲ್ಲ. ಹಸಿದ ಹುಡುಗ ಎಳೆಯ ತೆನೆ ಮುರಿದು ಸೀತನಿ ಸುಟ್ಟುಕೊಂಡಿದ್ದ. ಖಾಕಿಯವರ ಭಯಕ್ಕೆ ಯಾರೂ ಹೊಲಕ್ಕೆ ಕಾಲಿಡದ ದಿನಗಳಲ್ಲಿ ಹೊಲದ ನಡುವಿನಿಂದ ಹೊಗೆ ಎದ್ದರೆ ಕುರುಡನಿಗೂ ತಿಳಿಯುತ್ತದೆ.

ಮಳೆಗಾಲ ಕಳೆಯುವಷ್ಟರಲ್ಲಿ ಸರ್ಕಾರ ಬಿತ್ತು. ಖಾಕಿಯವರು ಬಟ್ಟೆ ಸುಟ್ಟುಹಾಕಿ ಓಡಿದರು. ನಾಕಾದ ಗೋಡೆ ಊರವರೇ ಕೆಡವಿದರು, ಹೆಂಗಸರೂ ಹೋಗಿ ಒಂದೊಂದು ಕಲ್ಲು ಕಿತ್ತರು. ನಾನೂ ಕಿತ್ತೆ. ಅಂದಿನ ರಾತ್ರಿ ಬಾಗಿಲು ತೆರೆದಿಟ್ಟು ಮಲಗಿದೆವು. ಆ ಸುಖವನ್ನು ಹೇಗೆ ಹೇಳಲಿ? ಕೈಬಳೆ ಸದ್ದು ಮಾಡಿಕೊಂಡು ನೀರಿಗೆ ಹೋದೆ. ಇದನ್ನು ತಂದುಕೊಟ್ಟವರಲ್ಲಿ ನನ್ನ ಮೈದುನನೂ ಒಬ್ಬ. ಅದು ಸುಳ್ಳೇ? ಅವನು ನಾಕಾದ ಮೇಲೆ ಬೀಳದಿದ್ದರೆ ಇನ್ನೆಷ್ಟು ಮಾವಂದಿರ ಬೆನ್ನ ಮೇಲೆ ಕಲ್ಲು ಏರುತ್ತಿತ್ತೋ. ಹಾಗೆಂದುಕೊಂಡು ಒಂದು ಗಳಿಗೆ ಅವನನ್ನು ಹೊಗಳುತ್ತಿದ್ದೆ. ಮರುಗಳಿಗೆಗೆ ಆ ಸಡಿಲಾದ ಹಗ್ಗ ಕಣ್ಣ ಮುಂದೆ ಬರುತ್ತಿತ್ತು. ಕೇಳದೆ ಕೊಲ್ಲುವವನು ಖಾಕಿ ತೊಟ್ಟರೇನು, ನಮ್ಮ ಮನೆಯ ಅಂಗಿ ತೊಟ್ಟರೇನು? ಹೀಗೆ ನನ್ನೊಳಗೇ ಜಗಳ ಆಡಿ ಆಡಿ ಸುಸ್ತಾಗುತ್ತಿತ್ತು. ಈಗಲೂ ಅದು ಮುಗಿದಿಲ್ಲ.

ಅವನು ಊರ ಒಳಗೆ ಬಂದದ್ದು ಮೆರವಣಿಗೆಯಲ್ಲಿ. ಮಸ್ಕಿಯಿಂದ ಹಲಗೆ ಬಡಿಸಿಕೊಂಡು ಕರೆತಂದಿದ್ದರು. ಕೊರಳು ಕಾಣದಷ್ಟು ಚೆಂಡುಹೂವಿನ ಹಾರ. ನಮ್ಮ ಬಾಗಿಲ ಮುಂದೆ ನಿಲ್ಲಿಸಿ, ಮನೆಯ ಹೆಣ್ಣುಮಕ್ಕಳು ಆರತಿ ಎತ್ತಬೇಕು ಎಂದು ಜನ ಕೂಗಿದರು. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. "ನೀನ ಎತ್ತವ್ವಾ" ಎಂದರು. ಎತ್ತಬೇಡ ಎನ್ನಲಿಲ್ಲ.

ತಟ್ಟೆಯಲ್ಲಿ ದೀಪ ಹಚ್ಚಿಕೊಂಡು ಹೊಸ್ತಿಲಿಗೆ ಬಂದೆ. ಅವನು ನನ್ನನ್ನು ನೋಡಿ ಮೊದಲಿನ ಹಾಗೆ ನಗಲು ನೋಡಿದ. ಆಮೇಲೆ ಅವನ ಕಣ್ಣು ದೀಪದ ಮೇಲೆ ಬಿತ್ತು, ಅಲ್ಲೇ ನಿಂತಿತು. ಹಲಗೆ ಬಡಿಯುತ್ತಲೇ ಇತ್ತು. ಅವನ ಹಣೆಯಿಂದ ಬೆವರು ಇಳಿದು ಹಾರಕ್ಕೆ ಸೇರುತ್ತಿತ್ತು.

"ವೈನೀ, ನನಗ ಖರೇನ ನೆನಪಿರಲಿಲ್ಲ" ಎಂದ, ನನಗೊಬ್ಬಳಿಗೇ ಕೇಳುವಂತೆ.

ತಟ್ಟೆಯನ್ನು ಅವನ ಮುಖದ ಎತ್ತರಕ್ಕೆ ಎತ್ತಿ, ಹಗೇವಿಗೆ ದೀಪ ಬಿಡುವ ಹಾಗೆ ಮೆಲ್ಲಗೆ ಎದೆಯವರೆಗೆ ಇಳಿಸಿದೆ. ಆರಬಹುದೆಂದು ನಾನು ಕಾದೆ. ಅವನೂ ಉಸಿರು ಹಿಡಿದು ಕಾದ. ದೀಪ ಆರಲಿಲ್ಲ, ನೆಟ್ಟಗೆ ಉರಿಯುತ್ತಲೇ ಇತ್ತು. ಹಿಂದಿನಿಂದ ಯಾರೋ ಜಲ್ದಿ ಆಗಲಿ ಎಂದರು. ಅವನ ಹಣೆಗೆ ಕುಂಕುಮ ಇಟ್ಟೆ, ಪಕ್ಕಕ್ಕೆ ಸರಿದು ಒಳಗೆ ಬಿಟ್ಟೆ.